ಜಯನಗರ ಯಾರ ಕೋಟೆ? 1989ರಿಂದ ಆ 16 ಮತಗಳವರೆಗೆ

(ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ ಬಗ್ಗೆ ಓದುಗರ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ನಾಲ್ಕನೇ ಟಿ ಬ್ಲಾಕ್

2023ರ ಮೇ 13ರ ರಾತ್ರಿ ನಾನು ಮನೆಯ ತಾರಸಿಯ ಮೇಲೆ ನಿಂತಿದ್ದೆ. ಎರಡು ರಸ್ತೆಯಾಚೆ ಎಸ್‌ಎಸ್‌ಎಂಆರ್‌ವಿ ಕಾಲೇಜಿನಲ್ಲಿ ವಿಧಾನಸಭಾ ಚುನಾವಣೆಯ ಮತ ಎಣಿಕೆ ಇನ್ನೂ ಮುಗಿದಿರಲಿಲ್ಲ. ರಾಜ್ಯದ ಉಳಿದ 223 ಕ್ಷೇತ್ರಗಳ ಹಣೆಬರಹ ಗೊತ್ತಾಗಿತ್ತು. ನಮ್ಮದು ಮಾತ್ರ ತೂಗುತ್ತಲೇ ಇತ್ತು. ಸಂಜೆ ಸೌಮ್ಯಾ ರೆಡ್ಡಿ ಗೆದ್ದರು ಎಂಬ ಸುದ್ದಿ ಟಿವಿಯಲ್ಲಿ ಬಂತು, ಕಾಂಗ್ರೆಸ್ಸಿನ ಲೆಕ್ಕ 136 ಎಂದು ಪರದೆಯ ಮೇಲೆ ಕಾಣಿಸಿತು. ಆಮೇಲೆ ಮರು ಎಣಿಕೆ ಎಂದರು. ಡಿ.ಕೆ. ಶಿವಕುಮಾರ್ ಬಂದರು, ಆರ್. ಅಶೋಕ ಬಂದರು, ತೇಜಸ್ವಿ ಸೂರ್ಯ ಬಂದರು. ರಸ್ತೆಯ ಎರಡೂ ತುದಿಗಳಿಂದ ಘೋಷಣೆಗಳು ಕೇಳಿಸುತ್ತಿದ್ದವು. ನಡುರಾತ್ರಿಯ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ 57,781 ಎಂದು ಘೋಷಣೆಯಾಯಿತು. ಅಂತರ 16. ಕಾಂಗ್ರೆಸ್ 135ಕ್ಕೆ ಇಳಿಯಿತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪ್ರತಿ ಚುನಾವಣೆಯಲ್ಲೂ ಪತ್ರಿಕೆಗಳು ಜಯನಗರವನ್ನು ಯಾವುದಾದರೂ ಒಂದು ಪಕ್ಷದ ಭದ್ರಕೋಟೆ ಎಂದು ಬರೆಯುತ್ತವೆ. ಯಾರ ಕೋಟೆ ಇದು? ನನಗೆ ಬುದ್ಧಿ ಬಂದಾಗ ಹಿರಿಯರು ಜನತಾ ಪಕ್ಷದ ಎಂ. ಚಂದ್ರಶೇಖರ್ ಅವರ ಮಾತನ್ನು ಆಡುತ್ತಿದ್ದರು. 1989ರಲ್ಲಿ ಕಾಂಗ್ರೆಸ್ಸಿನ ರಾಮಲಿಂಗಾ ರೆಡ್ಡಿ ಬಂದರು, 1994, 1999, 2004ರಲ್ಲೂ ಅವರೇ. 2008 ಮತ್ತು 2013ರಲ್ಲಿ ಬಿಜೆಪಿಯ ಬಿ.ಎನ್. ವಿಜಯಕುಮಾರ್. 2018ರಲ್ಲಿ ರಾಮಲಿಂಗಾ ರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ. 2023ರಲ್ಲಿ ಮತ್ತೆ ಬಿಜೆಪಿ. ಇದರಲ್ಲಿ ಕೋಟೆ ಎಲ್ಲಿದೆ ಎಂದು ನನಗೆ ಕಾಣುತ್ತಿಲ್ಲ. ಹಳಬರು ಬಿಡಿಸಿ ಹೇಳಬೇಕು.

ಸಾರಕ್ಕಿ ದಂಡೆ

ಸರ್, ಜಯನಗರದ ಮನಸ್ಸು ಮೊದಲಿನಿಂದಲೂ ಬಿಜೆಪಿ ಕಡೆಗೇ ಇದೆ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರವನ್ನು ನೋಡಿ. 1991ರಲ್ಲಿ ಪ್ರೊ. ಕೆ. ವೆಂಕಟಗಿರಿಗೌಡರು ಗೆದ್ದ ಮೇಲೆ ಆ ಪಕ್ಷ ಅಲ್ಲಿ ಒಮ್ಮೆಯೂ ಸೋತಿಲ್ಲ. 1996ರಿಂದ 2014ರವರೆಗೆ ಅನಂತಕುಮಾರ್ ಸತತ ಆರು ಸಲ, ಆಮೇಲೆ ತೇಜಸ್ವಿ ಸೂರ್ಯ ಎರಡು ಸಲ. 2024ರಲ್ಲಿ ಇದೇ ಸೌಮ್ಯಾ ರೆಡ್ಡಿ ಲೋಕಸಭೆಗೆ ನಿಂತರು, ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ವಿಧಾನಸಭೆಗೆ 16 ಮತದ ಅಂತರ, ಒಂದೇ ವರ್ಷದಲ್ಲಿ ಲೋಕಸಭೆಗೆ ಲಕ್ಷಗಳ ಅಂತರ. ಎಂಟು ವಿಧಾನಸಭಾ ಕ್ಷೇತ್ರಗಳ ಮೊತ್ತ ಅದು, ಒಪ್ಪುತ್ತೇನೆ. ಆದರೂ ಗಾಳಿ ಯಾವ ಕಡೆಗೆ ಎಂದು ಹೇಳಲು ಇಷ್ಟು ಸಾಲದೇ?

ಹಳೆಯ ಮತಪಟ್ಟಿ

ಸಾಲದು. ನೀವು ಕೊಟ್ಟ ಲೆಕ್ಕವೇ ನಿಮ್ಮ ಮಾತಿಗೆ ಅಡ್ಡ ಬರುತ್ತದೆ.

1999ರಲ್ಲೂ 2004ರಲ್ಲೂ ಕರ್ನಾಟಕದಲ್ಲಿ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳು ಜೊತೆಯಾಗಿ ನಡೆದವು. ನಮ್ಮ ಮನೆಯವರೆಲ್ಲ ಒಂದೇ ಸರದಿಯಲ್ಲಿ ನಿಂತು, ಒಂದೇ ಮತಗಟ್ಟೆಯಲ್ಲಿ ಎರಡು ಮತ ಹಾಕಿ ಬಂದೆವು. ಆ ಎರಡೂ ಸಲ ದೆಹಲಿಗೆ ಹೋದವರು ಅನಂತಕುಮಾರ್, ವಿಧಾನಸೌಧಕ್ಕೆ ಹೋದವರು ರಾಮಲಿಂಗಾ ರೆಡ್ಡಿ. ನಮ್ಮ ತಂದೆ ಹಾಗೆಯೇ ಹಾಕಿದ್ದರು ಎಂದು ನನಗೆ ಗೊತ್ತು, ಏಕೆಂದರೆ ಅವರು ಅದನ್ನು ಎಂದೂ ಮುಚ್ಚಿಡಲಿಲ್ಲ. "ದೇಶಕ್ಕೆ ಒಬ್ಬರು, ಚರಂಡಿಗೆ ಒಬ್ಬರು" ಎನ್ನುತ್ತಿದ್ದರು. ಚರಂಡಿ ಎಂದಾಗ ಅವರ ದನಿಯಲ್ಲಿ ತಾತ್ಸಾರ ಇರುತ್ತಿರಲಿಲ್ಲ. ಮಳೆ ಬಂದರೆ ನಮ್ಮ ರಸ್ತೆಯ ನೀರು ಎಲ್ಲಿಗೆ ಹೋಗಬೇಕು ಎಂಬುದು ಅವರಿಗೆ ದೇಶದಷ್ಟೇ ದೊಡ್ಡ ವಿಷಯವಾಗಿತ್ತು.

ಇನ್ನೊಂದು. 1994ರಲ್ಲಿ ರಾಜ್ಯದಲ್ಲಿ ಜನತಾದಳ 115 ಸ್ಥಾನ ಗೆದ್ದು ಕಾಂಗ್ರೆಸ್ 34ಕ್ಕೆ ಕುಸಿದಾಗ ಆ 34ರಲ್ಲಿ ಜಯನಗರವೂ ಇತ್ತು. 2013ರಲ್ಲಿ ಕಾಂಗ್ರೆಸ್ 122 ಗೆದ್ದಾಗ ಜಯನಗರ ಬಿಜೆಪಿಯನ್ನು ಉಳಿಸಿಕೊಂಡಿತು. 2023ರಲ್ಲಿ ಕಾಂಗ್ರೆಸ್ 135 ಗೆದ್ದಾಗಲೂ ಬಿಜೆಪಿಗೆ ಹೋಯಿತು, 16 ಮತವಾದರೂ ಸರಿ. ರಾಜ್ಯದ ಅಲೆ ಜೋರಾಗಿ ಎದ್ದ ಮೂರು ಸಲ ಈ ಕ್ಷೇತ್ರ ಅಲೆಯ ಜೊತೆ ಹೋಗಲಿಲ್ಲ. ಇದನ್ನು ಯಾವುದೇ ಪಕ್ಷದ ಕೋಟೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಇಷ್ಟು ಹೇಳಿ ನಿಲ್ಲಿಸಿದರೂ ತಪ್ಪಾಗುತ್ತದೆ. 2004ರವರೆಗಿನ ಜಯನಗರ ಬೇರೆ, 2008ರ ನಂತರದ ಜಯನಗರ ಬೇರೆ. ಹೆಸರು ಒಂದೇ, ನೆಲ ಒಂದಲ್ಲ. 2001ರ ಜನಗಣತಿಯ ಮೇಲೆ ನಡೆದ ಕ್ಷೇತ್ರ ಮರುವಿಂಗಡಣೆ 2008ರಲ್ಲಿ ಜಾರಿಗೆ ಬಂತು, ಆ ವರ್ಷದ ಮೇ ತಿಂಗಳಲ್ಲಿ ನಮ್ಮ ರಾಜ್ಯ ಹೊಸ ಗಡಿಗಳಲ್ಲಿ ಮತ ಹಾಕಿತು. ಬೆಂಗಳೂರಿನ ನಕ್ಷೆ ಪೂರ್ತಿ ಬದಲಾಯಿತು. ಅಂಚಿನ ಉತ್ತರಹಳ್ಳಿ ಎಂಬ ದೈತ್ಯ ಕ್ಷೇತ್ರವೇ ಇಲ್ಲವಾಯಿತು, ಅದನ್ನು ಪ್ರತಿನಿಧಿಸುತ್ತಿದ್ದ ಆರ್. ಅಶೋಕ ಪದ್ಮನಾಭನಗರಕ್ಕೆ ಹೋದರು. ಬಿಟಿಎಂ ಬಡಾವಣೆ ಎಂಬ ಹೊಸ ಕ್ಷೇತ್ರ ಹುಟ್ಟಿತು. ರಾಮಲಿಂಗಾ ರೆಡ್ಡಿ ಅಲ್ಲಿಗೆ ಹೋದರು, 2008ರಿಂದ 2023ರವರೆಗೆ ನಾಲ್ಕೂ ಸಲ ಅಲ್ಲಿಂದಲೇ ಗೆದ್ದರು. ಜಯನಗರದಲ್ಲಿ ನಾಲ್ಕು, ಬಿಟಿಎಂನಲ್ಲಿ ನಾಲ್ಕು. ಶಾಸಕರು ಸೋತಿರಲಿಲ್ಲ, ಗೆರೆ ಸರಿದಿತ್ತು. 2008ರಲ್ಲಿ ಜಯನಗರ ಕಾಂಗ್ರೆಸ್ಸಿನ ಕೈತಪ್ಪಿತು ಎಂದು ಬರೆಯುವವರು ಇದನ್ನು ಮರೆಯುತ್ತಾರೆ.

ಅಶೋಕ ಸ್ತಂಭದ ನೆರೆಯವ

ಗೆರೆಯ ಮಾತು ಬಂದದ್ದರಿಂದ ನನ್ನದೂ ಒಂದು. ನಮ್ಮ ಮನೆಯ ವಿಳಾಸದಲ್ಲಿ ಜಯನಗರ ಎಂದಿದೆ. ಪಾಲಿಕೆಯ 198 ವಾರ್ಡುಗಳಿದ್ದ ಕಾಲದಲ್ಲಿ ನಮ್ಮ ವಾರ್ಡಿನ ಹೆಸರೂ ಜಯನಗರ, ಸಂಖ್ಯೆ 153. ನಮ್ಮ ಶಾಸಕರು ಮಾತ್ರ ಚಿಕ್ಕಪೇಟೆಯವರು! ಜಯನಗರ ವಾರ್ಡು ಜಯನಗರ ಕ್ಷೇತ್ರದಲ್ಲಿ ಇಲ್ಲ ಎಂದರೆ ಸಂಬಂಧಿಕರು ನಂಬುವುದಿಲ್ಲ. 1948ರ ಆಗಸ್ಟಿನಲ್ಲಿ ಸಿ. ರಾಜಗೋಪಾಲಾಚಾರಿ ಈ ಬಡಾವಣೆಗೆ ಅಡಿಗಲ್ಲು ಹಾಕಿದಾಗ ಜಯಚಾಮರಾಜೇಂದ್ರ ಒಡೆಯರ್ ಅವರ ಹೆಸರನ್ನೇ ಇದಕ್ಕೆ ಇಟ್ಟರು. ಆ ಹೆಸರಿನ ಮೂಲ ಊರಿನಲ್ಲಿ ವಾಸವಾಗಿರುವ ನಾನು ಆ 16 ಮತದ ರಾತ್ರಿ ಬರಿಯ ಪ್ರೇಕ್ಷಕ.

ಹಳೆಯ ಮತಪಟ್ಟಿ

ಅದು ನಿಜ. ಜಯನಗರ ಕ್ಷೇತ್ರ ಎಂದರೆ ಪಟ್ಟಾಭಿರಾಮನಗರ, ಬೈರಸಂದ್ರ, ಜಯನಗರ ಪೂರ್ವ, ಗುರಪ್ಪನಪಾಳ್ಯ, ಜೆ.ಪಿ. ನಗರ, ಸಾರಕ್ಕಿ, ಶಾಕಾಂಬರಿನಗರ ಎಂಬ ಆ ಏಳು ಹಳೆಯ ವಾರ್ಡುಗಳು. ಇವುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ನಡೆದು ನೋಡಿ. ಒಂದು ತುದಿಯಲ್ಲಿ ಸಂಪಿಗೆ ಮರದ ನೆರಳಿನ ಸ್ವಂತ ಮನೆಗಳು, ನಿವೃತ್ತ ಬ್ಯಾಂಕ್ ನೌಕರರು. ಇನ್ನೊಂದು ತುದಿಯಲ್ಲಿ ಗುರಪ್ಪನಪಾಳ್ಯದ ಕಿರಿದಾದ ಓಣಿಗಳು, ಒಂದು ಮನೆಯ ಬಾಗಿಲು ಇನ್ನೊಂದರ ಬಾಗಿಲಿಗೆ ತಾಗುವಂಥವು. ನಡುವೆ ಸಾರಕ್ಕಿಯಂಥ ಹಳೆಯ ಹಳ್ಳಿಗಳು. "ಜಯನಗರದ ಮತದಾರ" ಎಂದು ಒಬ್ಬನನ್ನು ಕಲ್ಪಿಸಿಕೊಂಡು ಮಾತನಾಡಿದರೆ ಲೆಕ್ಕ ತಪ್ಪುವುದು ಅಲ್ಲಿಯೇ.

ಸಾರಕ್ಕಿ ದಂಡೆ

ಗಡಿಯ ಮಾತು ಒಪ್ಪಿದೆ. 1999 ಮತ್ತು 2004ರ ಮಾತಿಗೂ ಉತ್ತರವಿಲ್ಲ. ಆದರೆ 2018ರದು? ಆಗ ಗೆರೆ ಸರಿದಿರಲಿಲ್ಲ. ಎರಡು ಸಲ ಗೆದ್ದ ಪಕ್ಷ ಅದೇ ನೆಲದಲ್ಲಿ ಹೇಗೆ ಸೋತಿತು?

ಜೆ.ಪಿ. ನಗರ ಎರಡನೇ ಹಂತ

ಅದನ್ನು ನಾನು ಹೇಳುತ್ತೇನೆ. ಆ ವರ್ಷ ನಾನು ಬಿಜೆಪಿ ಕಾರ್ಯಕರ್ತರ ಜೊತೆ ಮನೆಮನೆಗೆ ಹೋಗುತ್ತಿದ್ದೆ. ಪಕ್ಷದ ಸದಸ್ಯನಲ್ಲ, ವಿಜಯಕುಮಾರ್ ಅವರಿಗಾಗಿ ಹೋದವನು.

ಅವರು ನಮ್ಮ ಗೇಟಿನ ಮುಂದೆ ನಿಂತು ಮಾತನಾಡುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಬಿಳಿಯ ಅಂಗಿ, ಕೈಯಲ್ಲಿ ಕರಪತ್ರದ ಕಂತೆ. ಒಳಗೆ ಬನ್ನಿ, ಕುಳಿತುಕೊಳ್ಳಿ ಎಂದರೆ, "ಇನ್ನೂ ನಾಲ್ಕು ರಸ್ತೆ ಇದೆ" ಎಂದು ಕೈಮುಗಿದು ಮುಂದಕ್ಕೆ ಹೋಗಿಬಿಡುತ್ತಿದ್ದರು. 2018ರ ಮೇ 3ರಂದು ಹಾಗೆಯೇ ಪ್ರಚಾರದಲ್ಲಿದ್ದಾಗ ಕುಸಿದು ಬಿದ್ದರು. ಜಯದೇವ ಆಸ್ಪತ್ರೆಗೆ ಕರೆದೊಯ್ದರು. ಮರುದಿನ ಬೆಳಗಿನ ಜಾವ ತೀರಿಕೊಂಡರು. ಮತದಾನಕ್ಕೆ ಎಂಟು ದಿನ ಉಳಿದಿತ್ತು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ತೀರಿಕೊಂಡರೆ ಅಲ್ಲಿನ ಮತದಾನವನ್ನು ಮುಂದೂಡಬೇಕು, ಆ ಪಕ್ಷಕ್ಕೆ ಬೇರೆ ಹೆಸರು ಸೂಚಿಸಲು ಏಳು ದಿನ ಕೊಡಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 52ನೆಯ ಕಲಮಿನಲ್ಲಿ ಇದು ಇದೆ. ಹೀಗೆ ಮೇ 12ರಂದು ರಾಜ್ಯದಲ್ಲಿ 222 ಕ್ಷೇತ್ರಗಳು ಮಾತ್ರ ಮತ ಹಾಕಿದವು. ಇನ್ನೊಂದು ರಾಜರಾಜೇಶ್ವರಿನಗರ, ಅದರ ಕಾರಣ ಬೇರೆ, ಒಂದು ಫ್ಲ್ಯಾಟಿನಲ್ಲಿ ರಾಶಿ ರಾಶಿ ಮತದಾರರ ಗುರುತಿನ ಚೀಟಿಗಳು ಸಿಕ್ಕವು.

ನಮ್ಮ ಮತದಾನ ಜೂನ್ 11ಕ್ಕೆ ಹೋಯಿತು. ಈ ಒಂದು ತಿಂಗಳಲ್ಲಿ ಏನೇನಾಯಿತು ನೋಡಿ. ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು, ರಾಜೀನಾಮೆ ಕೊಟ್ಟರು. ಮೇ 23ರಂದು ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಕಾಂಗ್ರೆಸ್ ಮತ್ತು ಜೆಡಿಎಸ್ ಒಂದಾದವು. ಜೆಡಿಎಸ್ ತನ್ನ ಅಭ್ಯರ್ಥಿಯನ್ನು ಕಾಂಗ್ರೆಸ್ಸಿಗಾಗಿ ಕಣದಿಂದ ಹಿಂದಕ್ಕೆ ಸರಿಸಿತು. ಮೇ 12ರಂದು ಇದೇ ಜಯನಗರ ಮತ ಹಾಕಿದ್ದರೆ ಅದು ಮೂರು ಪಕ್ಷಗಳ ಚುನಾವಣೆಯಾಗುತ್ತಿತ್ತು. ಜೂನಿನಲ್ಲಿ ಅದು ನೇರ ಹಣಾಹಣಿಯಾಗಿತ್ತು.

ಬಿಜೆಪಿ ವಿಜಯಕುಮಾರ್ ಅವರ ತಮ್ಮ ಪ್ರಹ್ಲಾದ ಬಾಬು ಅವರನ್ನು ನಿಲ್ಲಿಸಿತು. ಸೌಮ್ಯಾ ರೆಡ್ಡಿಗೆ 54,457, ಪ್ರಹ್ಲಾದ ಬಾಬುಗೆ 51,568. ಮೂರು ಸಾವಿರಕ್ಕೂ ಕಡಿಮೆ ಅಂತರ. ನಮ್ಮ ರಸ್ತೆಯ ಎಷ್ಟೋ ಜನ ಮಕ್ಕಳ ರಜೆ ಮುಗಿದ ಗಡಿಬಿಡಿಯಲ್ಲಿ ಹೋಗಲೇ ಇಲ್ಲ. ಮತದಾನ ಶೇಕಡ 55ರ ಆಸುಪಾಸು. ಅನುಕಂಪ ಕೆಲಸ ಮಾಡುತ್ತದೆ ಎಂದು ನಾವು ನಂಬಿದ್ದೆವು. ಜನ ವಿಜಯಕುಮಾರ್ ಅವರನ್ನು ನೆನೆದು ಕಣ್ಣೀರು ಹಾಕಿದರು, ಮತವನ್ನು ಬೇರೆಯಾಗಿ ಯೋಚಿಸಿ ಹಾಕಿದರು. ಆ ಸೋಲು ನನಗೆ ನೋವು ಕೊಟ್ಟಿತು, ಆದರೆ ಜನ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ.

ಹಳೆಯ ಮತಪಟ್ಟಿ

ಈ ಬರಹವನ್ನು ಉಳಿಸಿಕೊಳ್ಳುತ್ತೇನೆ. ಆ ಚುನಾವಣೆಯಲ್ಲಿ ಮೂರನೆಯ ಸ್ಥಾನಕ್ಕೆ ಬಂದವರು ರವಿ ಕೃಷ್ಣಾರೆಡ್ಡಿ, ಪಕ್ಷೇತರ, 1,861 ಮತ. ಹಣ ಹಂಚದೆ ನಿಂತ ಒಬ್ಬರಿಗೆ ಅಷ್ಟು ಜನ ಒತ್ತಿದರು ಎಂಬುದನ್ನೂ ಕ್ಷೇತ್ರದ ಇತಿಹಾಸದಲ್ಲಿ ಬರೆದಿಡಬೇಕು.

ಕೆಂಪು ಹಂಚಿನ ಮನೆ

2023ಕ್ಕೆ ಬನ್ನಿ. ಎಲ್ಲರೂ ಮರೆಯುವ ಒಂದು ಅಂಕಿ ಇದೆ. ಸೌಮ್ಯಾ ರೆಡ್ಡಿ ಎಂಬ ಹೆಸರನ್ನೇ ಹೋಲುವ ಹೆಸರಿನ ಇನ್ನೊಬ್ಬ ಪಕ್ಷೇತರ ಅಭ್ಯರ್ಥಿಗೆ 320 ಮತ ಬಿದ್ದವು. ಅಂತರ 16. ಇದರಲ್ಲಿ ಇಪ್ಪತ್ತು ಮತ ಗೊಂದಲದಿಂದ ಬಿದ್ದಿದ್ದರೂ ಫಲಿತಾಂಶ ತಿರುಗಿತು ಎಂದೇ ಅರ್ಥ.

ಸಾರಕ್ಕಿ ದಂಡೆ

ಅದು ಊಹೆ. ಮತಯಂತ್ರದ ಮೇಲೆ ಅಭ್ಯರ್ಥಿಯ ಹೆಸರಿನ ಜೊತೆಗೆ ಭಾವಚಿತ್ರವನ್ನೂ ಹಾಕುವ ಪದ್ಧತಿ 2015ರಿಂದ ಇದೆ, ಇಂಥ ಗೊಂದಲ ತಪ್ಪಿಸಲೆಂದೇ. ಹಸ್ತದ ಗುರುತು ಗೊತ್ತಿಲ್ಲದ ಮತದಾರರು ಈ ಕ್ಷೇತ್ರದಲ್ಲಿ ಎಷ್ಟು ಜನ? 16 ಮತದ ಅಂತರ ಎಂದ ಮೇಲೆ ಯಾವ ಕಾರಣವನ್ನು ಹಿಡಿದರೂ ಅದೇ ನಿರ್ಣಾಯಕ ಎನಿಸುತ್ತದೆ. ನೋಟಾ ಒತ್ತಿದವರು 16ಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಜೆಡಿಎಸ್ ಅಭ್ಯರ್ಥಿಗೆ ಬಿದ್ದದ್ದೂ ಹೆಚ್ಚು. ಯಾವುದನ್ನು ದೂರುವುದು?

ಕೆಂಪು ಹಂಚಿನ ಮನೆ

ನಿಮ್ಮ ಮಾತು ಅರ್ಥವಾಯಿತು. ಆದರೂ ಒಂದು ವ್ಯತ್ಯಾಸ ಇದೆ. ನೋಟಾ ಒತ್ತಿದವರು ತಿಳಿದೇ ಒತ್ತಿದರು. ಹೆಸರು ನೋಡಿ ತಪ್ಪು ಗುಂಡಿ ಒತ್ತಿದವರಿದ್ದರೆ, ಅವರು ಒಬ್ಬರೇ ಆಗಿದ್ದರೂ, ತಮ್ಮ ಮತ ಬೇರೆಡೆ ಹೋದದ್ದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ನನ್ನ ಅಜ್ಜಿಗೆ ಕಣ್ಣು ಮಂಜು. ಅವರ ಪಕ್ಕದಲ್ಲಿ ನಿಂತು ನೋಡಿದವಳು ನಾನು. ಗುರುತಿಗಾಗಿ ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆಯುತ್ತಾ ಬರುತ್ತಾರೆ, ಎಲ್ಲೋ ಒಂದು ಕಡೆ ನಿಲ್ಲಿಸುತ್ತಾರೆ.

ಮತಗಟ್ಟೆಯ ಮೇಷ್ಟ್ರು

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಶಾಲಾ ಶಿಕ್ಷಕ, ಏಳು ಚುನಾವಣೆಗಳಲ್ಲಿ ಕರ್ತವ್ಯ ಮಾಡಿದ್ದೇನೆ. ಜಯನಗರದ ಆ ರಾತ್ರಿಯನ್ನು ನನ್ನಂಥವರು ಬೇರೆ ರೀತಿ ಓದುತ್ತೇವೆ. ಅಂದು ಜಗಳ ನಡೆದದ್ದು ಯಂತ್ರದ ಮೇಲಲ್ಲ, ತಿರಸ್ಕೃತ ಅಂಚೆ ಮತಗಳ ಮೇಲೆ.

ಯಂತ್ರದ ಲೆಕ್ಕ ನೂರು ಸಲ ಒತ್ತಿದರೂ ಅದೇ ಬರುತ್ತದೆ. ಬೆಳಿಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಕನಿಷ್ಠ 50 ಮತ ಹಾಕಿಸಿ, ಅಳಿಸಿ, ಮೊಹರು ಹಾಕಿ ಶುರು ಮಾಡುತ್ತೇವೆ. ಸಂಜೆ ಒಟ್ಟು ಎಷ್ಟು ಎಂದು 17ಸಿ ನಮೂನೆಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡುತ್ತೇವೆ. ಡಿಮಸ್ಟರಿಂಗ್, ಅಂದರೆ ಯಂತ್ರಗಳನ್ನು ಮರಳಿ ಒಪ್ಪಿಸುವ ಕೆಲಸ, ಮುಗಿಸಿ ಮನೆ ಸೇರುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಮರು ಎಣಿಕೆಯಲ್ಲಿ ಬದಲಾಗಬಹುದಾದದ್ದು ಕಾಗದ ಮಾತ್ರ. ಆ ಕಾಗದ ಯಾರದು? ಹೆಚ್ಚಿನದು ನಮ್ಮದೇ, ಚುನಾವಣಾ ಕರ್ತವ್ಯದಲ್ಲಿದ್ದ ನೌಕರರದ್ದು. 2023ರಲ್ಲಿ 80 ದಾಟಿದ ಹಿರಿಯರಿಗೂ ಅಂಗವಿಕಲರಿಗೂ ನಮ್ಮ ರಾಜ್ಯದ ವಿಧಾನಸಭಾ ಸಾರ್ವತ್ರಿಕ ಚುನಾವಣೆಯಲ್ಲಿ ಮೊದಲ ಸಲ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತ್ತು, ಅವರದ್ದೂ ಸೇರಿತ್ತು.

ಅಂಚೆ ಮತದಲ್ಲಿ ಎರಡು ಲಕೋಟೆ. ಒಳಗಿನ ಚಿಕ್ಕ ಲಕೋಟೆಯಲ್ಲಿ ಮತಪತ್ರ. ಹೊರಗಿನ ದೊಡ್ಡದರಲ್ಲಿ ಆ ಚಿಕ್ಕ ಲಕೋಟೆ ಮತ್ತು 13ಎ ಎಂಬ ಘೋಷಣಾ ಪತ್ರ. ಎಣಿಕೆ ಮೇಜಿನ ಮೇಲೆ ಮೊದಲು ದೊಡ್ಡದನ್ನು ತೆರೆದು 13ಎ ನೋಡುತ್ತಾರೆ. ಸಹಿ ಇದೆಯೇ, ದೃಢೀಕರಣ ಇದೆಯೇ, ಅದರಲ್ಲಿ ಬರೆದ ಕ್ರಮಸಂಖ್ಯೆ ಚಿಕ್ಕ ಲಕೋಟೆಯ ಮೇಲಿನದಕ್ಕೆ ಹೊಂದುತ್ತದೆಯೇ? ಇವುಗಳಲ್ಲಿ ಒಂದು ತಪ್ಪಿದರೂ ಒಳಗಿನ ಲಕೋಟೆಯನ್ನು ತೆರೆಯುವುದೇ ಇಲ್ಲ. ಮತ ಯಾರಿಗೆ ಎಂದು ಯಾರಿಗೂ ತಿಳಿಯದೆ ಅದು ತಿರಸ್ಕೃತವಾಗುತ್ತದೆ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳ ಸಂಖ್ಯೆಗಿಂತ ಕಡಿಮೆಯಾದರೆ ಅವನ್ನು ಮತ್ತೊಮ್ಮೆ ಪರಿಶೀಲಿಸಲೇಬೇಕು ಎಂಬ ಸೂಚನೆ ಆಯೋಗದ್ದೇ. ಹಾಗಾಗಿ ಇಂಥ ಕ್ಷೇತ್ರದಲ್ಲಿ ಆ ಕಂತೆಯ ಮೇಲೆ ಎಲ್ಲರ ಕಣ್ಣು ಬೀಳುವುದು ಸಹಜ.

ನನ್ನದೇ ಒಂದು ಸಂಗತಿ ಹೇಳುತ್ತೇನೆ, ಬೇರೊಂದು ಚುನಾವಣೆಯದು. ತರಬೇತಿಯ ದಿನ ಊಟದ ಬಿಡುವಿನಲ್ಲಿ ಅಂಚೆ ಮತ ಹಾಕಿದೆ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಚಿಕ್ಕ ಲಕೋಟೆ ಅಂಟಿಸಿ, 13ಎಗೆ ಸಹಿ ಮಾಡಿ ಪೆಟ್ಟಿಗೆಗೆ ಹಾಕಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು, ದೃಢೀಕರಿಸುವ ಅಧಿಕಾರಿಯ ಸಹಿ ಹಾಕಿಸಿಕೊಂಡಿರಲಿಲ್ಲ. ಇಡೀ ದಿನ ಇತರರ ಮತದ ಪಾವಿತ್ರ್ಯವನ್ನು ಕಾಯುವುದು ಹೇಗೆಂದು ಕಲಿತು ಬಂದವನು ನನ್ನ ಮತವನ್ನೇ ಕಳೆದುಕೊಂಡಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಜಯನಗರದಲ್ಲಿ ಆ ಕಂತೆಯನ್ನು ಹಿಡಿದು ಎರಡೂ ಕಡೆಯವರು ವಾದಿಸುತ್ತಿದ್ದ ಸುದ್ದಿ ನೋಡಿದಾಗ ನನಗೆ ಪಕ್ಷಗಳು ಕಾಣಿಸಲಿಲ್ಲ. ಮೊಣಕಾಲ ಮೇಲೆ ಲಕೋಟೆ ಇಟ್ಟುಕೊಂಡ ನೌಕರರು ಕಾಣಿಸಿದರು.

ಅಶೋಕ ಸ್ತಂಭದ ನೆರೆಯವ

ಮೇಷ್ಟ್ರೇ, ಘೋಷಣೆಯಾದ ಮೇಲೆ ಮತ್ತೆ ಎಣಿಸಿ ಎಂದು ಕೇಳಬಹುದೇ?

ಮತಗಟ್ಟೆಯ ಮೇಷ್ಟ್ರು

ಒಟ್ಟು ಮತಗಳನ್ನು ಓದಿ ಹೇಳಿದ ಮೇಲೆ, ಫಲಿತಾಂಶಕ್ಕೆ ಸಹಿ ಬೀಳುವ ಮೊದಲು, ಅಭ್ಯರ್ಥಿ ಅಥವಾ ಏಜೆಂಟ್ ಕಾರಣ ಬರೆದು ಅರ್ಜಿ ಕೊಡಬೇಕು. ಒಪ್ಪುವುದು ಬಿಡುವುದು ಚುನಾವಣಾಧಿಕಾರಿಗೆ ಬಿಟ್ಟದ್ದು, ಆದರೆ ಅವರೂ ಕಾರಣವನ್ನು ಬರೆದೇ ಕೊಡಬೇಕು. ಸಹಿ ಬಿದ್ದ ಮೇಲೆ ಉಳಿಯುವುದು ಹೈಕೋರ್ಟ್ ಮಾತ್ರ, ಅದೂ 45 ದಿನಗಳೊಳಗೆ.

ಗುರಪ್ಪನಪಾಳ್ಯದ ಅಕ್ಕ

ನಾನು ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನೀವೆಲ್ಲರೂ ಹಾಕಿದ ಮತಗಳ ಲೆಕ್ಕ ಹೇಳಿದಿರಿ, ಹಾಕದವರ ಲೆಕ್ಕ ಯಾರೂ ಹೇಳಲಿಲ್ಲ. 2023ರಲ್ಲಿ ರಾಜ್ಯದಲ್ಲಿ ಶೇಕಡ 73ರಷ್ಟು ಜನ ಮತ ಹಾಕಿದರೆ ಬೆಂಗಳೂರಿನಲ್ಲಿ ಅದು 55ರ ಆಸುಪಾಸು. ನಮ್ಮ ಕ್ಷೇತ್ರದಲ್ಲಿ ಐವರಲ್ಲಿ ಸುಮಾರು ಇಬ್ಬರು ಬರಲಿಲ್ಲ. ಹತ್ತಿರ ಹತ್ತಿರ ಎಂಬತ್ತು ಸಾವಿರ ಹೆಸರುಗಳು! 16 ಮತ ಎಲ್ಲಿ ಹೋದವು ಎಂದು ಹುಡುಕುವವರು ಅಲ್ಲಿ ಮೊದಲು ಹುಡುಕಬೇಡವೇ?

ಅವರೆಲ್ಲರೂ ಸೋಮಾರಿಗಳು, ರಜೆ ಸಿಕ್ಕರೆ ಪ್ರವಾಸ ಹೋಗುವವರು ಎಂದು ಬೈಯುವುದು ಸುಲಭ. ನಾನು ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿಯ ಜೊತೆ, ಬಿಎಲ್‌ಒ ಎನ್ನುತ್ತಾರಲ್ಲ, ಅವರ ಜೊತೆ ಎರಡು ವಾರ ನಮ್ಮ ಓಣಿಗಳಲ್ಲಿ ಸುತ್ತಿದ್ದೇನೆ. ಅವರು ಅಂಗನವಾಡಿ ಕಾರ್ಯಕರ್ತೆ, ಬೆಳಿಗ್ಗೆ ಮಕ್ಕಳನ್ನು ನೋಡಿಕೊಂಡು ಮಧ್ಯಾಹ್ನ ಪಟ್ಟಿ ಹಿಡಿದು ಹೊರಡುತ್ತಿದ್ದರು. ಒಂದು ಬಾಗಿಲು ತಟ್ಟಿದರೆ ಪಟ್ಟಿಯಲ್ಲಿದ್ದವರು ಬಿಟ್ಟುಹೋಗಿ ಆರು ವರ್ಷ. ಈಗ ಇರುವವರ ಹೆಸರು ಬೇರೆ ಕ್ಷೇತ್ರದಲ್ಲಿ. ಇನ್ನೊಂದು ಬಾಗಿಲಲ್ಲಿ ತಾಯಿ ತೀರಿಕೊಂಡಿದ್ದಾರೆ, ಹೆಸರು ಉಳಿದಿದೆ. "ಅಮ್ಮನ ಹೆಸರು ತೆಗೆಸಬೇಕು" ಎಂದರೆ ಮಗಳು ಕಾಗದ ಹಿಡಿದು ಸುಮ್ಮನೆ ನಿಂತುಬಿಟ್ಟಳು. ಸಾವಿನ ಪ್ರಮಾಣಪತ್ರ ಕೈಯಲ್ಲಿತ್ತು. ಆದರೂ ಅರ್ಜಿಗೆ ಸಹಿ ಹಾಕಲು ಅವಳಿಗೆ ಆ ದಿನ ಆಗಲಿಲ್ಲ. ನಾವು ಒತ್ತಾಯ ಮಾಡಲಿಲ್ಲ.

ಬಾಡಿಗೆ ಮನೆಯವರ ಕಷ್ಟ ಇನ್ನೊಂದು. ಹನ್ನೊಂದು ತಿಂಗಳ ಕರಾರು, ಎರಡು ವರ್ಷಕ್ಕೆ ಮನೆ ಬದಲು. ಬಿಸ್ಮಿಲ್ಲಾನಗರದಿಂದ ಬಿಟಿಎಂಗೆ ಹೋದರೆ ಕ್ಷೇತ್ರವೇ ಬೇರೆ. ಹೆಸರು ಮಾತ್ರ ಹಳೆಯ ಮನೆಯಲ್ಲೇ ಕುಳಿತಿರುತ್ತದೆ. ಮತದಾನದ ದಿನ ಅರ್ಧ ದಿನದ ಕೂಲಿ ಬಿಟ್ಟು ಹಳೆಯ ಬೀದಿಗೆ ಬಂದು ಸರದಿಯಲ್ಲಿ ನಿಲ್ಲುವವರನ್ನು ನಾನು ನೋಡಿದ್ದೇನೆ. ಬಾರದವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ನಗರದ ಕ್ಷೇತ್ರದ ಇತಿಹಾಸ ಎಂದರೆ ಮುಕ್ಕಾಲು ಪಾಲು ಈ ಪಟ್ಟಿಯ ಇತಿಹಾಸವೇ. ಗೆದ್ದವರ ಹೆಸರು ಮಾತ್ರ ಬರೆದರೆ ಅದು ಕಾಲು ಪಾಲು.

ಸಾರಕ್ಕಿ ದಂಡೆ

ಅಕ್ಕಾ, ಹಾಗೆ ಬೈಯುವವರಲ್ಲಿ ನಾನೂ ಒಬ್ಬನಾಗಿದ್ದೆ. ಇನ್ನು ಬೈಯುವುದಿಲ್ಲ. ಕೋಟೆ ಎಂಬ ಮಾತನ್ನೂ ಹಿಂತೆಗೆದುಕೊಳ್ಳುತ್ತೇನೆ.

ಹಳೆಯ ಮತಪಟ್ಟಿ

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಮತ. ಸೋತವರ ಕಾರಿನ ಚಾಲಕನಿಗೆ ಮತ ಹಾಕಲು ಬಿಡುವು ಸಿಗಲಿಲ್ಲ ಎಂಬ ಮಾತು ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಅದು ಹಳ್ಳಿಗಾಡಿನ ಕ್ಷೇತ್ರ, ಒಂದು ಮತ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಲು ಊರಿನವರಿಗೆ ಸಾಧ್ಯವಾಯಿತು. ಜಯನಗರದಲ್ಲಿ 16 ಮತ ಯಾರವು ಎಂದು ತೋರಿಸಲು ಯಾರಿಗೂ ಸಾಧ್ಯವಿಲ್ಲ. ಪಕ್ಕದ ಮನೆಯವರ ಹೆಸರು ಪಟ್ಟಿಯಲ್ಲಿ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. 2023ರಲ್ಲಿ ನಮ್ಮ ಎಣಿಕೆ ನಡೆದ ದಿನವೇ ಗಾಂಧಿನಗರದಲ್ಲಿ ಕಾಂಗ್ರೆಸ್ಸಿನ ದಿನೇಶ್ ಗುಂಡೂರಾವ್ 105 ಮತಗಳಿಂದ ಗೆದ್ದರು. ಒಂದೇ ನಗರದಲ್ಲಿ, ಒಂದೇ ದಿನ, ಎರಡು ಕೂದಲೆಳೆಯ ಅಂತರಗಳು, ಒಂದು ಒಂದು ಪಕ್ಷಕ್ಕೆ, ಇನ್ನೊಂದು ಇನ್ನೊಂದಕ್ಕೆ.

ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಒಂದು ನಷ್ಟ ಆಗಿದೆ, ಅದನ್ನೂ ಇಲ್ಲಿ ದಾಖಲಿಸಬೇಕು. ವಾರ್ಡಿನ ಸದಸ್ಯರಿದ್ದಾಗ ಪಟ್ಟಿಯ ಮೇಲೆ ಒಂದು ಕಣ್ಣು ಇರುತ್ತಿತ್ತು, ತಮ್ಮ ಚುನಾವಣೆಯ ಭಯದಿಂದಾದರೂ. ರಾಮಮೂರ್ತಿಯವರೂ ಪಾಲಿಕೆ ಸದಸ್ಯರಾಗಿದ್ದು ಮೇಲೆ ಬಂದವರು. ಆ ಮೆಟ್ಟಿಲನ್ನೇ ವರ್ಷಗಟ್ಟಲೆ ತೆಗೆದಿಟ್ಟರೆ ಬೀದಿಯ ಮಟ್ಟದಲ್ಲಿ ಯಾರ ಹೆಸರು ಬಿಟ್ಟುಹೋಯಿತು ಎಂದು ಕೇಳುವವರು ಉಳಿಯುವುದಿಲ್ಲ.

ಜೆ.ಪಿ. ನಗರ ಎರಡನೇ ಹಂತ

ಹೆಸರು ವರ್ಗಾಯಿಸಲು ನಮೂನೆ 6 ಕೊಡಬೇಕೇ, 8 ಕೊಡಬೇಕೇ? ನಮ್ಮ ಕಟ್ಟಡದಲ್ಲಿ ಹೊಸದಾಗಿ ಬಂದ ನಾಲ್ಕು ಮನೆಯವರು ಕೇಳುತ್ತಿದ್ದಾರೆ.

ಗುರಪ್ಪನಪಾಳ್ಯದ ಅಕ್ಕ

ಮೊದಲ ಸಲ ಸೇರುವವರಿಗೆ 6. ಮನೆ ಬದಲಾದರೆ 8, ಕ್ಷೇತ್ರದೊಳಗಾದರೂ ಹೊರಗಾದರೂ ಅದೇ. ತೀರಿಕೊಂಡವರ ಹೆಸರಿಗೆ 7. ಬಾಡಿಗೆ ಕರಾರಿನ ಪ್ರತಿ ಇಟ್ಟುಕೊಂಡಿರಲು ಹೇಳಿ.

ನಾಲ್ಕನೇ ಟಿ ಬ್ಲಾಕ್

ಎರಡು ದಿನ ಎಲ್ಲವನ್ನೂ ಓದಿದೆ. ಕೋಟೆ ಯಾರದು ಎಂದು ಕೇಳಿದವನು ನಾನು. ಅಕ್ಕನವರ ಬರಹ ಓದಿದ ಮೇಲೆ ನಮ್ಮ ಮತಗಟ್ಟೆಯ ಪಟ್ಟಿಯನ್ನು ತೆಗೆದು ನಮ್ಮ ರಸ್ತೆಯ ಒಂದೊಂದು ಮನೆಯ ಹೆಸರನ್ನು ನೋಡುತ್ತಾ ಹೋದೆ. ನಮ್ಮ ಒಂದೇ ರಸ್ತೆಯಲ್ಲಿ ತೀರಿಕೊಂಡವರು ಐವರು, ಊರು ಬಿಟ್ಟವರು ಒಂಬತ್ತು ಜನ. ಬಂದು ಮೂರು ವರ್ಷವಾದರೂ ಹೆಸರಿಲ್ಲದವರು ಏಳು ಜನ. ಆ ಐವರಲ್ಲಿ ಒಬ್ಬರು ನನ್ನ ತಂದೆ. ತೀರಿಕೊಂಡು ನಾಲ್ಕು ವರ್ಷವಾಗಿದೆ. ಕ್ರಮಸಂಖ್ಯೆಯ ಪಕ್ಕದಲ್ಲಿ ಅವರ ಚಿಕ್ಕ ಭಾವಚಿತ್ರ, ಕೆಳಗೆ ನಮ್ಮ ಮನೆಯ ಸಂಖ್ಯೆ. ನಮೂನೆ 7ನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಆ ಏಳು ಜನರ ಕೆಲಸವನ್ನು ಈ ಭಾನುವಾರ ಮುಗಿಸುತ್ತೇನೆ. ತಂದೆಯದನ್ನು ಕೊನೆಗೆ ತುಂಬುತ್ತೇನೆ.